ತಿನ್ನುವುದು ಆ ಕಡೆ, ತಿನ್ನದ್ದು ಈ ಕಡೆ

ಮಾರ್ಚ್ ೪

ತಮ್ಮನ ಹೆಂಡತಿಗೆ,

ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಹಲಗೆಯ ಗೋಡೆ. ಆ ಕಡೆ ನೀನು ಸೀನಿದರೆ ಈ ಕಡೆ ನನಗೆ ಕೇಳಿಸುತ್ತದೆ. ಆದರೂ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಹೋದ ತಿಂಗಳು ಬಾಯಲ್ಲಿ ಹೇಳಿದ ಒಂದು ಮಾತಿಗೆ ನೀನು ಬೀದಿಯವರೆಲ್ಲ ನೆರೆಯುವ ಹಾಗೆ ಕೂಗಾಡಿದೆ. ಕಾಗದದ ಮೇಲೆ ಎಷ್ಟು ಕೂಗಿದರೂ ನನಗೊಬ್ಬನಿಗೇ ಕೇಳಿಸುತ್ತದೆ. ಇನ್ನು ಮುಂದೆ ಏನಿದ್ದರೂ ಬರವಣಿಗೆಯಲ್ಲಿ.

ವಿಷಯ ಹರಳೆಣ್ಣೆಯದು. ನೆನ್ನೆ ಮೇಷ್ಟ್ರ ಹೆಂಡತಿಗೆ ನೀನು ಒಂದು ಸೀಸೆ ಹರಳೆಣ್ಣೆ ಮಾರಿದ್ದೀಯ. ಅಪ್ಪ ಬರೆದಿಟ್ಟ ಪಾಲುಪತ್ರ ನಿನಗೆ ಗೊತ್ತಿಲ್ಲದ್ದೇನಲ್ಲ. ನಾನೂ ನನ್ನ ತಮ್ಮನೂ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾರದೆ ಹೋದಾಗ ಅಪ್ಪ ಅಂಗಡಿಯನ್ನು ಸೀಳಿ ಮೂರು ಮಾತು ಬರೆದರು. ತಿನ್ನುವ ಪದಾರ್ಥವೆಲ್ಲ ದೊಡ್ಡವನಿಗೆ, ತಿನ್ನದ ಪದಾರ್ಥವೆಲ್ಲ ಚಿಕ್ಕವನಿಗೆ. ಒಬ್ಬರ ಸರಕನ್ನು ಇನ್ನೊಬ್ಬರು ಮಾರಕೂಡದು. ಏಳು ದಿನ ಒಂದೇ ಸಮನೆ ಯಾರ ಬಾಗಿಲು ಹಾಕಿರುತ್ತದೋ ಅವರ ಪಾಲು ಇನ್ನೊಬ್ಬರಿಗೆ ಸೇರತಕ್ಕದ್ದು. ತಮ್ಮ ಹೋದ ಮೇಲೆ ಅವನ ಪಾಲಿನ ಜೊತೆ ಈ ಮೂರು ಮಾತೂ ನಿನಗೆ ಬಂದಿವೆ. ಹರಳೆಣ್ಣೆ ಹೊಟ್ಟೆಗೆ ಹೋಗುವ ವಸ್ತು. ಅದು ನನ್ನ ಕಡೆಯದು.

ಬರೆಯಲು ಕೂತ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನೀನು ದಿನವಿಡೀ ನೊಣ ಹೊಡೆಯುತ್ತಾ ಕೂತಿರುವುದು ನನಗೆ ಗೊತ್ತು. ಪೊರಕೆ, ಸೋಪು, ಮೊಳೆ ಇಟ್ಟುಕೊಂಡು ಈ ಹಳ್ಳಿಯಲ್ಲಿ ಅಂಗಡಿ ಗಿಟ್ಟುವುದಿಲ್ಲ. ನ್ಯಾಯವಾದ ಬೆಲೆ ಕೊಡುತ್ತೇನೆ, ನನಗೆ ಮಾರಿಬಿಡು. ಪಟ್ಟಣದಲ್ಲಿ ಹೊಲಿಗೆ ಕಾರ್ಖಾನೆಗೆ ಸೇರಿದರೆ ತಿಂಗಳಿಗೆ ಇಷ್ಟೆಂದು ಕೈಗೆ ಬರುತ್ತದೆ.

ಇಂತಿ,
ನಿನ್ನ ಗಂಡನ ಅಣ್ಣ


ಮಾರ್ಚ್ ೯

ಭಾವನವರಿಗೆ,

ನಿಮ್ಮ ಕಾಗದ ಮೂರು ದಿನ ಪ್ರಯಾಣ ಮಾಡಿ, ಪಟ್ಟಣ ನೋಡಿಕೊಂಡು, ಒಂದು ಹಲಗೆಯಷ್ಟು ದೂರ ಬಂದು ತಲುಪಿತು. ಅಂಚೆಯವನು ಲಕೋಟೆ ಕೊಡುವಾಗ ನಗು ತಡೆಯಲಾರದೆ ಕೆಮ್ಮಿದ. "ಉತ್ತರ ಇದ್ರೆ ಈಗ್ಲೇ ಕೊಡಮ್ಮಾ, ಹೆಂಗೂ ಪಕ್ಕದ್ ಮನೆಗೇ ಹೋಗ್ಬೇಕು" ಅಂದ. ಕೊಡಲಿಲ್ಲ. ನಿಮ್ಮ ಕಾಗದ ಎಷ್ಟು ಸುತ್ತಿ ಬಂತೋ ನನ್ನದೂ ಅಷ್ಟೇ ಸುತ್ತಲಿ ಎಂದು ಅಂಚೆಪೆಟ್ಟಿಗೆಗೇ ಹಾಕುತ್ತಿದ್ದೇನೆ.

ಮೇಷ್ಟ್ರ ಹೆಂಡತಿ ಹರಳೆಣ್ಣೆ ತಗೊಂಡಿದ್ದು ತಲೆಗೆ. ಕುಡಿಯಲಿಕ್ಕಲ್ಲ. ಬೇಕಾದರೆ ಹೋಗಿ ಅವರ ತಲೆ ಮೂಸಿ ನೋಡಿ. ಹರಳೆಣ್ಣೆ ಕುಡಿದ ಮುಖ ಈ ಬೀದಿಯಲ್ಲಿ ಇರುವುದು ಒಬ್ಬರಿಗೇ, ಅವರು ಯಾವ ಕಡೆ ಕೂರುತ್ತಾರೆಂದು ಊರಿಗೆಲ್ಲ ಗೊತ್ತು. ಇನ್ನು ನೀವು ಮಾರುವ ಹಲ್ಲುಪುಡಿಯ ಮಾತೇನು? ಬಾಯಿಗೆ ಹೋಗುತ್ತದೆ ನಿಜ, ಉಗಿದುಬಿಡುತ್ತಾರಲ್ಲ? ಉಗಿದದ್ದು ನನ್ನ ಕಡೆ ಸೇರಬೇಕು.

ನನ್ನ ಪಾಲು ನಾನು ಮಾರುವುದಿಲ್ಲ. ನಿಮಗಂತೂ ಮಾರುವುದಿಲ್ಲ. ಕಾರಣ ಬೇಡ ಎಂದರೂ ಹೇಳುತ್ತೇನೆ. ಹೋದ ಆಗಸ್ಟಿನಲ್ಲಿ ನಿಮ್ಮ ತಮ್ಮ ತೀರಿಕೊಂಡ ಮಾರನೇ ದಿನ ನನ್ನ ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ಒಂಬತ್ತು ದಿನ ಅವಳ ಮನೆಯಲ್ಲಿ ಗೋಡೆ ನೋಡುತ್ತಾ ಮಲಗಿದ್ದೆ. ಆ ದಿನಗಳಲ್ಲಿ ಇಲ್ಲಿ ಅಂಗಡಿ ಬಾಗಿಲು ತೆರೆದಿತ್ತಂತೆ. ಬಸ್ಸಿನ ಕಂಡಕ್ಟರ್ ನೋಡಿ ಬಂದು ನನ್ನ ಅಮ್ಮನಿಗೆ ಹೇಳಿದ. ಒಡಹುಟ್ಟಿದವನ ಮೈ ಆರುವ ಮೊದಲೇ ಅಕ್ಕಿ ತೂಗಲು ಕೂತವರು ನೀವು. ನಾನು ವಾಪಸು ಬಂದು ನೋಡಿದರೆ ನನ್ನ ಕಪಾಟಿನಲ್ಲಿ ಬೆಂಕಿಪೊಟ್ಟಣ ಬೇರೆ ಕಡಿಮೆ. ಆ ಹೊತ್ತಿನಲ್ಲಿ ಅದನ್ನು ಕೇಳುವ ಚೈತನ್ಯ ನನಗಿರಲಿಲ್ಲ. ಗಲ್ಲಾದಲ್ಲಿದ್ದ ಚಿಲ್ಲರೆ ಕಾಸು ಮಾತ್ರ ಹಾಗೇ ಇತ್ತು. ನಮ್ಮವರು ಕೊನೆಯ ಸಲ ಮುಟ್ಟಿದ ಕಾಸೆಂದು ಖರ್ಚು ಮಾಡದೆ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ನಿಮ್ಮ ನ್ಯಾಯವಾದ ಬೆಲೆಯನ್ನು ನೀವೇ ಎತ್ತಿಟ್ಟುಕೊಳ್ಳಿ.

ಹಲಗೆಯ ಈಚೆಯಿಂದ,
ಚಿಕ್ಕವನ ಹೆಂಡತಿ


ಮೇ ೧೭

ತಮ್ಮನ ಹೆಂಡತಿಗೆ,

ನಿನ್ನ ಕಾಗದದ ಕಡೆಯ ಭಾಗಕ್ಕೆ ಉತ್ತರ ಬರೆಯುವುದಿಲ್ಲ. ಮೊದಲ ಭಾಗಕ್ಕೆ ಬರೆಯುತ್ತೇನೆ. ಹಲ್ಲುಪುಡಿ ನಿನ್ನ ಕಡೆ ಕಳಿಸಿದ್ದೇನೆ, ಇಪ್ಪತ್ತೆರಡು ಪೊಟ್ಟಣ. ಎಣಿಸಿಕೊಂಡು ರಸೀದಿ ಕೊಡು.

ಈಗ ಇಲಿ ಪಾಷಾಣ. ನಾನು ಅದನ್ನು ಮಾರುತ್ತಿದ್ದೇನೆಂದು ನೀನು ಬೀದಿಯಲ್ಲಿ ಎಲ್ಲರ ಮುಂದೆ ಬಾಯಿ ಬಡಿದುಕೊಂಡೆಯಂತೆ. ಪಾಲುಪತ್ರದಲ್ಲಿ "ತಿನ್ನುವ ಪದಾರ್ಥ" ಎಂದಿದೆ. ಯಾರು ತಿನ್ನುವುದು ಎಂದು ಬರೆದಿಲ್ಲ. ಇಲಿ ತಿನ್ನುತ್ತದೆ.

ನನ್ನ ಮಾತು ನಿನಗೆ ಹಿಡಿಸುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಹೇಳುತ್ತೇನೆ. ಬೆಳಗಿನ ಬೋಣಿ ನಿನಗೆ ಆಗುವುದು ಹನ್ನೊಂದು ಗಂಟೆಗೆ. ಗಲ್ಲಾ ಮುಚ್ಚುವ ಸದ್ದು ನನಗೆ ಕೇಳಿಸುತ್ತದೆ, ದಿನಕ್ಕೆ ಹತ್ತು ಸಲವೂ ಇಲ್ಲ. ಹೀಗೇ ಇನ್ನೊಂದು ವರ್ಷ ಕೂತರೆ ಕೈಯಲ್ಲಿರುವುದನ್ನೂ ಸುಟ್ಟುಕೊಂಡು, ಕಡೆಗೆ ಒಂದು ದಿನ ಬಾಗಿಲು ಹಾಕಿ, ಏಳು ದಿನ ಕಳೆದು, ಪುಕ್ಕಟೆಯಾಗಿ ನಿನ್ನ ಪಾಲು ನನ್ನ ಕೈಗೆ ಬಂದು ಬೀಳುತ್ತದೆ. ಬಿದ್ದದ್ದನ್ನು ಎತ್ತಿಕೊಳ್ಳುವುದು ನನಗೆ ಇಷ್ಟವಿಲ್ಲ. ಕೊಂಡುಕೊಳ್ಳುತ್ತೇನೆ. ಆದರೆ ಬಿದ್ದರೆ ಬೇಡ ಎನ್ನಲು ಪತ್ರದಲ್ಲಿ ಜಾಗವಿಲ್ಲ. ಅಪ್ಪ ಬರೆದಿದ್ದು ಬರೆದಿದ್ದೇ.

ಇಂತಿ,
ಗಂಡನ ಅಣ್ಣ


ಜೂನ್ ೨

ಭಾವನವರಿಗೆ,

ಹಲ್ಲುಪುಡಿ ಇಪ್ಪತ್ತೆರಡಲ್ಲ, ಇಪ್ಪತ್ತೊಂದು. ಒಂದನ್ನು ಯಾರು ತಿಂದರೋ, ನಿಮ್ಮ ಇಲಿಯನ್ನೇ ಕೇಳಿ.

ನನ್ನ ಗಲ್ಲಾ ಎಷ್ಟು ಸಲ ಮುಚ್ಚಿತೆಂದು ಎಣಿಸುತ್ತಾ ಕೂರುವವರಿಗೆ ನಾನೂ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಬಾಗಿಲಲ್ಲಿ ಬೆಳಿಗ್ಗೆಯಿಂದ ಜನವೋ ಜನ. ನಿಜ. ಹೊಟ್ಟೆ ಉರಿದುಕೊಂಡೇ ನೋಡುತ್ತೇನೆ. ಆದರೆ ಅಕ್ಕಿಯಲ್ಲಿ ನಿಮಗೆ ಸಿಗುವುದೇನು? ಪಟ್ಟಣದ ಮಂಡಿಯವನು ಹೇಳಿದ ದರಕ್ಕೆ ಕೂದಲೆಳೆಯಷ್ಟು ಸೇರಿಸಿ ಮಾರುತ್ತೀರಿ, ಅದಕ್ಕಿಂತ ಹೆಚ್ಚು ಸೇರಿಸಿದರೆ ಜನ ಬಸ್ಸು ಹತ್ತುತ್ತಾರೆ. ಚೀಲ ಹೊತ್ತ ನಿಮಗೆ ಉಳಿಯುವುದು ಬೆನ್ನುನೋವು. ವರ್ಷದಿಂದ ಅದೇ ಹರಿದ ಚಪ್ಪಲಿಯಲ್ಲಿ ಓಡಾಡುತ್ತಿದ್ದೀರಿ, ಹಲಗೆಯ ಕೆಳಗಿನ ಸಂದಿಯಲ್ಲಿ ನನಗೆ ಕಾಣಿಸುತ್ತದೆ. ಅಂಗಡಿ ಗಿಟ್ಟದ ಮಾತು ಹೇಳಿಕೊಡಲು ನಿಮಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಮೊನ್ನೆ ಮೇಷ್ಟ್ರ ಹೆಂಡತಿ ನಿಮ್ಮ ಸಾಲಿನಲ್ಲಿ ನಿಂತು ಸಕ್ಕರೆ ತಗೊಂಡರು. ಆಮೇಲೆ ಸೋಪಿಗೆಂದು ನನ್ನ ಕಡೆ ತಿರುಗಿದರು. ಚೀಲ ಕೆಳಗಿಟ್ಟು, ಮತ್ತೆ ಎತ್ತಿ, ಮೆಟ್ಟಿಲು ಇಳಿದು, ಮೆಟ್ಟಿಲು ಹತ್ತಿ, ಬೇರೆ ಚಿಲ್ಲರೆ ಹುಡುಕಿ, ಸಾಕಾಗಿ ಹೋಯಿತು ಅವರಿಗೆ. "ನಿಮ್ಮಿಬ್ರ ಜಗಳದಲ್ಲಿ ನಮ್ ಮೊಣಕಾಲು ಸವೀತಿದೆ ಕಣಮ್ಮ. ಮುಂದಿನ ತಿಂಗ್ಳಿಂದ ಎಲ್ಲಾ ಪಟ್ಟಣದಲ್ಲೇ ತಂದ್ಬಿಡ್ತೀನಿ" ಅಂದರು. ನಾಚಿಕೆಯಾಗಬೇಕಾದದ್ದು ಯಾರಿಗೆ ಎಂದು ನಾನು ಬರೆಯುವುದಿಲ್ಲ. ನಿಮಗೆ.

ಸೋಪು ಮಾರುವವಳು


ಜುಲೈ ೨೧

ತಮ್ಮನ ಹೆಂಡತಿಗೆ,

ಶನಿವಾರದಿಂದ ನಿನ್ನ ಬಾಗಿಲು ಹಾಕಿದೆ. ಇಂದಿಗೆ ಮೂರು ದಿನ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಐದಾಗಿರುತ್ತದೆ. ಏಳಕ್ಕೆ ಎರಡೇ ಬಾಕಿ. ಅಪ್ಪ ಬರೆದಿದ್ದು ನಿನಗೆ ಮರೆತಿರಬಹುದೆಂದು ಬರೆದಿದ್ದೇನೆ.

ಇಂತಿ,
ಗಂಡನ ಅಣ್ಣ


ಜುಲೈ ೨೫

ಭಾವನವರಿಗೆ,

ಜ್ವರದಲ್ಲಿ ಏಳಲಾರದೆ ಬಿದ್ದಿದ್ದೆ. ಒಂದು ಲೋಟ ನೀರು ಕೊಡುವವರಿಲ್ಲದ ಮನೆಗೆ ನಿಮ್ಮ ಕಾಗದ ಬಂತು. ತೆರೆದು ಓದಿ ಮೈಯೆಲ್ಲ ಉರಿದುಹೋಯಿತು, ಜ್ವರಕ್ಕಿಂತ ಹೆಚ್ಚಾಗಿ. ಆ ಉರಿಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಬಂದು, ಆರನೇ ದಿನ ಬಾಗಿಲು ತೆಗೆದೆ. ಒಂದು ಮೊಳೆ ಪೊಟ್ಟಣ ಮಾರಿ ಮತ್ತೆ ಹೋಗಿ ಮಲಗಿದೆ.

ಹದ್ದು ಕೂಡ ಸತ್ತ ಮೇಲೆ ಬರುತ್ತದೆ. ನೀವು ಎರಡು ದಿನ ಮೊದಲೇ ಬಂದಿರಿ. ಒಂದು ದಿನ ನಿಮ್ಮ ಬಾಗಿಲೂ ಹಾಕುತ್ತದೆ ಭಾವ, ಅವತ್ತು ನಾನೂ ಎಣಿಸುತ್ತೇನೆ. ಗಟ್ಟಿಯಾಗಿ, ಬೀದಿಗೆಲ್ಲ ಕೇಳಿಸುವ ಹಾಗೆ.

ಇನ್ನೂ ಬದುಕಿರುವ,
ಚಿಕ್ಕವನ ಹೆಂಡತಿ


ಸೆಪ್ಟೆಂಬರ್ ೧೨

ಭಾವನವರಿಗೆ, ಪಟ್ಟಣದ ಆಸ್ಪತ್ರೆಯ ವಿಳಾಸಕ್ಕೆ,

ಸಕ್ಕರೆ ಚೀಲಗಳ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿರಂತೆ. ಬಿದ್ದ ಸದ್ದು ನನಗೂ ಕೇಳಿಸಿತು. ಎದುರಿನ ದರ್ಜಿಯನ್ನು ಕೂಗಿ ಕರೆದವಳು ನಾನೇ, ಆದರೆ ಅದನ್ನು ಪ್ರೀತಿ ಎಂದುಕೊಳ್ಳಬೇಡಿ. ನೀವು ಅಲ್ಲಿ ಕೂಗಾಡುತ್ತಿದ್ದರೆ ನನ್ನ ಗಿರಾಕಿಗಳು ಹೆದರುತ್ತಾರೆ.

ನಿಮ್ಮ ಬಾಗಿಲು ನೆನ್ನೆಯಿಂದ ಹಾಕಿದೆ. ಇವತ್ತಿಗೆ ಎರಡು ದಿನ. ಡಾಕ್ಟರು ಮೂರು ವಾರ ಎಂದಿದ್ದಾರೆಂದು ಕೇಳಿದೆ. ಹೆಂಡತಿ ಮಕ್ಕಳು ಇಲ್ಲದವರು ನೀವು, ಬಂದು ಬಾಗಿಲು ತೆಗೆಯುವವರು ಯಾರೂ ಇಲ್ಲ. ಹದಿನೇಳನೇ ತಾರೀಕಿಗೆ ಏಳು ತುಂಬುತ್ತದೆ. ಅಪ್ಪ ಬರೆದಿದ್ದು ಬರೆದಿದ್ದೇ ಎಂದು ನೀವೇ ಹೇಳಿದ್ದೀರಿ. ನಿಮಗೆ ಮರೆತಿರಬಹುದೆಂದು ಬರೆದಿದ್ದೇನೆ.

ಎಣಿಸುತ್ತಿರುವವಳು


ಸೆಪ್ಟೆಂಬರ್ ೧೪

ತಮ್ಮನ ಹೆಂಡತಿಗೆ,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ನಿನ್ನ ಎಣಿಕೆ ಸರಿಯಾಗಿದೆ. ಬೀಗದ ಕೈ ದರ್ಜಿಯ ಹತ್ತಿರ ಇದೆ. ಏಳನೇ ದಿನ ಸಂಜೆ ಕೇಳಿ ತಗೋ. ಈರುಳ್ಳಿ ಅಷ್ಟು ದಿನ ತಡೆಯುವುದಿಲ್ಲ, ಎಸೆದುಬಿಡು. ಬೇಳೆ ಡಬ್ಬಗಳ ಮುಚ್ಚಳ ಗಟ್ಟಿಯಾಗಿ ತಿರುಗಿಸು, ಸಡಿಲ ಬಿಟ್ಟರೆ ಹುಳ ಬೀಳುತ್ತದೆ. ಮಂಡಿಯವನು ಮೊದಲು ಹೇಳುವ ದರ ಸುಳ್ಳು, ಎರಡನೆಯದೂ ಸುಳ್ಳು.

ಇಡೀ ಅಂಗಡಿ ಸಿಕ್ಕಿದ ಮೇಲಾದರೂ ಗಿಟ್ಟಿಸಿಕೋ. ನನಗೆ ಆಗಲಿಲ್ಲ.

ಗಂಡನ ಅಣ್ಣ


ಸೆಪ್ಟೆಂಬರ್ ೨೪

ಭಾವನವರಿಗೆ,

ನಿಮ್ಮ ಕಾಗದ ಬಂದಿದ್ದು ಹದಿನಾರಕ್ಕೆ, ಆರನೇ ದಿನ. ಆ ಹೊತ್ತಿಗಾಗಲೇ ನಿಮ್ಮ ಈರುಳ್ಳಿ ಕೊಳೆತ ನಾತ ನನ್ನ ಸೋಪಿನ ಪೆಟ್ಟಿಗೆಗಳವರೆಗೂ ಬಂದಿತ್ತು. ಏಳನೇ ದಿನದವರೆಗೆ ಕಾಯಲಾಗದೆ ದರ್ಜಿಯ ಹತ್ತಿರ ಬೀಗದ ಕೈ ಕೇಳಿದೆ. ಹಿಂದಿನ ಬಾಗಿಲಿಂದ ಹೋಗಿ ಈರುಳ್ಳಿ ಮಾತ್ರ ಎಸೆದು ಬರುತ್ತೇನೆ, ಮುಂದಿನ ಬಾಗಿಲು ಮುಟ್ಟುವುದಿಲ್ಲ, ಎಣಿಕೆ ಮುರಿಯುವುದಿಲ್ಲ ಎಂದುಕೊಂಡಿದ್ದೆ. ನಾಳೆ ನನ್ನದಾಗುವ ಅಂಗಡಿಯನ್ನು ಒಂದು ಸಲ ಕಣ್ತುಂಬ ನೋಡುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಬೇಳೆ ಡಬ್ಬಗಳನ್ನು ನೋಡಿದೆ. ಆ ಸಾಲಿನ ಹಿಂದೆ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಬೆಂಕಿಪೊಟ್ಟಣ. ತಿನ್ನುವ ಕಡೆಯಲ್ಲಿ ತಿನ್ನದ ಪದಾರ್ಥ! ಸಿಕ್ಕಿಬಿದ್ದ ಕಳ್ಳ ಎಂದು ಒಬ್ಬಳೇ ನಿಂತು ಕೈ ತಟ್ಟಿದೆ. ಆಮೇಲೆ ಎಣಿಸಿದೆ. ಒಂಬತ್ತು. ಒಂದೂ ಒಡೆದಿಲ್ಲ. ಒಂದೊಂದರ ಮೇಲೂ ಶಾಯಿಯಲ್ಲಿ ತಾರೀಕು ಬರೆದಿದೆ. ಹೋದ ವರ್ಷದ ಆಗಸ್ಟ್, ಒಂದು ದಿನವೂ ಬಿಡದೆ ಒಂಬತ್ತು ದಿನ. ನಾನು ಅಮ್ಮನ ಮನೆಯಲ್ಲಿ ಗೋಡೆ ನೋಡುತ್ತಿದ್ದ ದಿನಗಳು.

ಪೆಟ್ಟಿಗೆ ಎತ್ತಿಕೊಂಡು ಬೀದಿ ದಾಟಿ ದರ್ಜಿಯ ಮೆಷೀನಿನ ಮೇಲಿಟ್ಟು ಇದೇನೆಂದು ಕೇಳಿದೆ. ಅವನು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. "ಇನ್ನೇನಮ್ಮ, ನಿನ್ ಬಾಗಿಲು ಏಳು ದಿನ ಮುಚ್ಚಿರಬಾರದು ಅಂತ ದಿನಾ ಬಂದು ತೆಗೀತಿದ್ದ. ಒಂದರ್ಧ ಗಂಟೆ ಕೂರ್ತಿದ್ದ. ಯಾರೂ ಬರ್ತಿರ್ಲಿಲ್ಲ, ಸಾವಿನ ಮನೆ ಅಂಗಡಿಗೆ ಯಾರ್ ಬರ್ತಾರೆ? ಮಾರಾಟ ಆಗ್ದೆ ತೆರೆದ ಲೆಕ್ಕ ಆಗಲ್ಲ ಅಂತ ತಾನೇ ಒಂದು ಬೆಂಕಿಪೊಟ್ಟಣ ತಗೊಂಡು ಗಲ್ಲಾಕ್ಕೆ ಕಾಸು ಹಾಕಿ ಹೋಗ್ತಿದ್ದ" ಅಂದ. "ಅವ್ರ ಅಂಗಡಿ?" ಅಂದೆ. "ಅವನ್ದೆಲ್ಲಿ ತೆಗೆದ? ಒಳಗೆ ಕತ್ತಲಲ್ಲಿ ಕೂತಿರ್ತಿದ್ದ. ನಾನೇ ಅನ್ನ ಕೊಟ್ಟು ಬರ್ತಿದ್ದೆ" ಅಂದ.

ಅವನ ಬಟ್ಟೆಗಂಟಿನ ಮೇಲೇ ಕೂತೆ.

ಒಂದು ವರ್ಷ ಭಾವ! ಒಂದು ವರ್ಷ ನಿಮ್ಮನ್ನು ನಾನು ಬೈಯದ ಬೈಗುಳವಿಲ್ಲ. ಮಾರ್ಚಿನಲ್ಲಿ ಬರೆದದ್ದನ್ನು ಓದಿಯೂ ಸುಮ್ಮನಿದ್ದಿರಿ. ಇಲಿ ಪಾಷಾಣಕ್ಕೆ ಎರಡು ಪುಟ ಬರೆಯುವವರಿಗೆ ಇದಕ್ಕೆ ಒಂದು ಸಾಲು ಬರೆಯಲು ಏನಾಗಿತ್ತು? ನನ್ನನ್ನು ಇಷ್ಟು ಕೆಟ್ಟವಳನ್ನಾಗಿ ಮಾಡಿ ನಿಮಗೆ ಬಂದ ಲಾಭವೇನು? ನಿಮ್ಮ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂದಿದೆ.

ಆ ಸಿಟ್ಟಿನಲ್ಲೇ ಅವತ್ತು ಮಧ್ಯಾಹ್ನ ನಿಮ್ಮ ಮುಂದಿನ ಬಾಗಿಲು ತೆಗೆದೆ. ದಿನವೂ ತೆಗೆಯುತ್ತಿದ್ದೇನೆ. ಎರಡು ಕಡೆ ಓಡಾಡಲಾಗದೆ ಹಲಗೆಗೋಡೆಯ ಮೂರು ಹಲಗೆ ಕಿತ್ತಿದ್ದೇನೆ. ಈಗ ಕೇಳಿ. ಮೇಷ್ಟ್ರ ಹೆಂಡತಿ ಅಕ್ಕಿಗೆ ಬಂದವರು ಅಲ್ಲೇ ಸೋಪು ನೋಡಿ ತಗೊಂಡರು, ಸೋಪಿನ ಹಿಂದೆ ಪೊರಕೆ, ಪೊರಕೆ ಹಿಂದೆ ದೀಪದ ಬತ್ತಿ. ಎಲ್ಲರೂ ಹಾಗೇ. ಅಕ್ಕಿ ಜನರನ್ನು ಕರೆಯುತ್ತದೆ, ಕಾಸು ಉಳಿಯುವುದು ಸೋಪಿನಲ್ಲಿ. ಈ ಎಂಟು ದಿನದಲ್ಲಿ ಉಳಿದಷ್ಟು ನನಗೆ ನಾಲ್ಕು ತಿಂಗಳಲ್ಲಿ ಉಳಿದಿರಲಿಲ್ಲ. ನಿಮಗೆ ಜನ ಇದ್ದರು, ಲಾಭ ಇರಲಿಲ್ಲ. ನನ್ನ ಸರಕಿನಲ್ಲಿ ಲಾಭ ಇತ್ತು, ಜನ ಇರಲಿಲ್ಲ. ಒಂದು ಪ್ರಾಣಿಯನ್ನು ಸೀಳಿ ತಲೆ ಒಬ್ಬರಿಗೆ, ಕಾಲು ಒಬ್ಬರಿಗೆ ಕೊಟ್ಟು ಓಡು ಎಂದರೆ ಓಡುತ್ತದೆಯೇ? ಮಾವನವರು ತಿಳಿದವರು ಎನ್ನುತ್ತಾರೆ, ಅವತ್ತು ಬರೆಯುವಾಗ ತಲೆ ಎಲ್ಲಿತ್ತೋ.

ಚಿಕ್ಕವನ ಹೆಂಡತಿ


ಸೆಪ್ಟೆಂಬರ್ ೨೮

ತಮ್ಮನ ಹೆಂಡತಿಗೆ,

ಅಪ್ಪನ ಬಗ್ಗೆ ಬಾಯಿಗೆ ಬಂದಂತೆ ಬರೆಯಬೇಡ.

ದರ್ಜಿಗೆ ಬಾಯಿ ಮುಚ್ಚಿಕೊಂಡಿರು ಎಂದಿದ್ದೆ, ಮುಚ್ಚಲಿಲ್ಲ. ನೀನು ಏಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನೀನು ಕೇಳಿರಲಿಲ್ಲ, ತೀರ್ಪು ಬರೆದಿದ್ದೆ. ನಾನು ಮಾಡಿದ್ದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಏಳು ದಿನವಾದರೆ ನಿನ್ನ ಪಾಲು ನನ್ನದಾಗುತ್ತಿತ್ತು, ಆದಾಗ ಬೇಡ ಎನ್ನಲು ನನಗೆ ಅಧಿಕಾರವಿಲ್ಲ. ಆದ್ದರಿಂದ ಆಗದ ಹಾಗೆ ನೋಡಿಕೊಂಡೆ. ಜುಲೈನಲ್ಲಿ ನಿನಗೆ ಜ್ವರ ಬಂದಾಗಲೂ ಬಂದು ತೆಗೆಯಬಹುದಿತ್ತು. ಆದರೆ ನನ್ನ ಹತ್ತಿರ ಇದ್ದದ್ದು ಅಪ್ಪನ ಕಾಲದ ಬೀಗದ ಕೈ, ನೀನು ಬೀಗ ಬದಲಾಯಿಸಿದ್ದೆ. ಅದಕ್ಕೇ ಕಾಗದ ಬರೆದೆ.

ಅವನ ಜೊತೆ ನಾನು ನಾಲ್ಕು ವರ್ಷ ಮಾತಾಡಿರಲಿಲ್ಲ. ಹಲಗೆಯ ಆಚೆ ಅವನು ಹಾಡಿಕೊಳ್ಳುತ್ತಿದ್ದ. ಅದು ನಿಂತ ಮೇಲೆ ನನಗೆ ಅಕ್ಕಿ ತೂಗಲು ಕೈ ಏಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಕೆಲಸದ ಮಾತು. ನೀನು ಎಂಟು ದಿನ ನನ್ನ ಸರಕು ಮಾರಿದ್ದೀಯ. ಅದು ಎರಡನೇ ಮಾತಿಗೆ ವಿರುದ್ಧ. ಹಲಗೆ ಕಿತ್ತಿದ್ದು ಯಾವ ಮಾತಿನಲ್ಲೂ ಇಲ್ಲ. ಹತ್ತನೇ ತಾರೀಕು ನಾನು ಊರುಗೋಲು ಹಿಡಿದು ಬರುತ್ತೇನೆ. ಅಷ್ಟರಲ್ಲಿ ಮೂರು ಹಲಗೆಯನ್ನೂ ಮೊದಲಿದ್ದ ಹಾಗೆ ಹೊಡೆಸು. ಲಾಭವೋ ನಷ್ಟವೋ, ಪತ್ರ ಪತ್ರವೇ. ಅಪ್ಪ ಬರೆದಿದ್ದನ್ನು ಮೀರುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ.

ಇಂತಿ,
ಗಂಡನ ಅಣ್ಣ


ಅಕ್ಟೋಬರ್ ೨

ಭಾವನವರಿಗೆ,

ಸರಿ. ಅಪ್ಪ ಬರೆದಿದ್ದು ಬರೆದಿದ್ದೇ. ಆ ಪತ್ರವನ್ನೇ ಮುಂದಿಟ್ಟುಕೊಂಡು ಮಾತಾಡೋಣ.

ಹೋದ ವರ್ಷ ಆಗಸ್ಟಿನಲ್ಲಿ ಒಂಬತ್ತು ದಿನ ನನ್ನ ಬಾಗಿಲು ತೆರೆದಿತ್ತು. ಒಂಬತ್ತು ಬೆಂಕಿಪೊಟ್ಟಣ ಸಾಕ್ಷಿ, ತಾರೀಕು ನಿಮ್ಮದೇ ಕೈಬರಹ. ಆ ಒಂಬತ್ತೂ ದಿನ ನಿಮ್ಮ ಬಾಗಿಲು? ನನ್ನ ದಿನಗಳನ್ನು ಬೆರಳು ಮಡಚಿ ಎಣಿಸಿದಿರಿ, ನಿಮ್ಮವನ್ನು ಎಣಿಸುವುದು ಮರೆತಿರಿ. ಏಳು ದಿನ ಒಂದೇ ಸಮನೆ ಯಾರ ಬಾಗಿಲು ಹಾಕಿರುತ್ತದೋ ಅವರ ಪಾಲು ಇನ್ನೊಬ್ಬರಿಗೆ. ನಿಮ್ಮದು ಒಂಬತ್ತು ದಿನ ಹಾಕಿತ್ತು ಭಾವ. ಆ ಆಗಸ್ಟಿನಿಂದಲೂ ಇಡೀ ಅಂಗಡಿ ನನ್ನದು. ಬೇಡ ಎನ್ನಲು ಪತ್ರದಲ್ಲಿ ಜಾಗವಿಲ್ಲ, ನೀವೇ ಹೇಳಿದ್ದು.

ಅಂದರೆ ನೀವು ಹೇಳುವ ಆ ಎಂಟು ದಿನ ನಾನು ಮಾರಿದ್ದು ನನ್ನ ಅಕ್ಕಿ. ಕಿತ್ತದ್ದು ನನ್ನ ಹಲಗೆ. ಉಳಿದ ಹಲಗೆಗಳನ್ನೂ ಇವತ್ತು ಬೆಳಿಗ್ಗೆ ಕಿತ್ತಾಯಿತು. ಇಲಿ ಪಾಷಾಣ ಎಲ್ಲಿಡಬೇಕೆಂದು ನಾನು ತೀರ್ಮಾನಿಸುತ್ತೇನೆ. ಒಂದು ವರ್ಷ ನೀವು ನನ್ನ ಅಂಗಡಿಯಲ್ಲಿ ಕೂತು ನನಗೇ ಬುದ್ಧಿ ಹೇಳಿದ್ದೀರಿ, ಅದನ್ನು ನಾನು ಮರೆಯುವವಳಲ್ಲ.

ಡಬ್ಬಿಯಲ್ಲಿದ್ದ ಕಾಸನ್ನು ತೆಗೆದು ನೋಡಿದೆ. ಅವರು ಕೊನೆಯ ಸಲ ಮುಟ್ಟಿದ ಕಾಸೆಂದು ವರ್ಷವಿಡೀ ದಿನಕ್ಕೊಂದು ಸಲ ಮುಟ್ಟುತ್ತಿದ್ದೆ. ಎಣಿಸಿದರೆ ಸರಿಯಾಗಿ ಒಂಬತ್ತು ಬೆಂಕಿಪೊಟ್ಟಣದ ಬೆಲೆ, ನಿಮ್ಮದು ಎಂದು ಈಗ ಗೊತ್ತಾಯಿತು. ಒಂದು ಗಳಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಮುಚ್ಚಳ ಹಾಕಿ ಅಲ್ಲೇ ಇಟ್ಟಿದ್ದೇನೆ.

ಹತ್ತನೇ ತಾರೀಕು ಬೆಳಿಗ್ಗೆ ಏಳು ಗಂಟೆಗೆ ಕೆಲಸಕ್ಕೆ ಬನ್ನಿ. ಚೀಲ ಎತ್ತುವ ಹಾಗಿಲ್ಲ, ಕೂತುಕೊಂಡು ತೂಗಿದರೆ ಸಾಕು. ನಿಮಗೊಂದು ಎತ್ತರದ ಸ್ಟೂಲು ಮಾಡಿಸಿದ್ದೇನೆ, ಕಾಲು ಚಾಚಲು ಇನ್ನೊಂದು. ಗಲ್ಲಾ ನನ್ನ ಹತ್ತಿರ ಇರುತ್ತದೆ. ಚಪ್ಪಲಿ ಹೊಸದು ತಗೊಂಡು ಬನ್ನಿ, ಯಜಮಾನಿಗೆ ಅವಮಾನ.

ತಡವಾಗುವುದಿದ್ದರೆ ಕಾಗದ ಬರೆಯಬೇಡಿ. ಬಾಯಲ್ಲಿ ಹೇಳಿ, ಕೇಳಿಸುತ್ತದೆ.

ಇಂತಿ,
ಅಂಗಡಿಯವಳು